ಎರಡು ಡಬ್ಬಿ, ಒಂದು ಕಿವಿ

"ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ..."

ಗೊಣಗಿದ್ದು ತನಗೆ ಮಾತ್ರ ಕೇಳಿಸಿತು ಅಂದುಕೊಂಡಿದ್ದಳು ಅವಳು. ಆದರೆ ಕೌಂಟರಿನ ಆಚೆ ನಿಂತಿದ್ದವನ ಹುಬ್ಬು ಮೇಲೇರಿತು.

ಅವನು ಸಿಟ್ಟಾಗಲಿಲ್ಲ. ಚೀಲಕ್ಕೆ ಕೈಹಾಕಿ ಇನ್ನೊಂದು ಡಬ್ಬಿ ತೆಗೆದ. ತಗಡಿನ ಮುಚ್ಚಳ, ನಾಲ್ಕು ಸ್ಕ್ರೂ, ಬಣ್ಣ ಸಹ ಬಳಿದಿಲ್ಲ. ಅದನ್ನು ಅವಳ ಅಂಗಡಿಯ ಮಿರಿಮಿರಿ ಡಬ್ಬಿಯ ಪಕ್ಕದಲ್ಲೇ ಇಟ್ಟ.

"ಕತ್ತೆ ಅಂದಿದ್ದು ಪರವಾಗಿಲ್ಲ ಮೇಡಂ. ಕಸ್ತೂರಿ ಇದೆಯಾ ಅಂತ ಮೊದಲು ನೋಡೋಣ."

ಅವಳ ಮುಖಕ್ಕೆ ರಕ್ತ ನುಗ್ಗಿತು. 'ಎಷ್ಟು ಸೊಕ್ಕು ಇವನಿಗೆ!'

ಅದು ಅವಳ ಚಿಕ್ಕಪ್ಪನ ಅಂಗಡಿ. ಅವಳಿರುವುದೂ ಅವರ ಮನೆಯಲ್ಲೇ. ಸ್ಪೀಕರು, ಆಂಪ್ಲಿಫೈಯರು, ಮತ್ತೆ ಡ್ಯಾಕ್ ಅನ್ನುವ ಡಬ್ಬಿಗಳು. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಹಾಡು ಕೂತಿರುವುದು ಬರೀ ಅಂಕಿಗಳಾಗಿ. ಆ ಅಂಕಿಗಳನ್ನು ಸ್ಪೀಕರಿಗೆ ಅರ್ಥವಾಗುವ ಹಾಗೆ ಮಾಡಿಕೊಡುವ ಡಬ್ಬಿಯೇ ಡ್ಯಾಕ್. ಅಗ್ಗದ್ದೂ ಇದೆ, ಬೆಲೆ ಕೇಳಿದರೆ ಎದೆ ಒಡೆಯುವಂಥದ್ದೂ ಇದೆ. ಯಾವುದು ಚೆನ್ನಾಗಿ ಹಾಡುತ್ತದೆ ಅಂತ ಗಿರಾಕಿಗಳಿಗೆ ಹೇಳುವುದು ಅವಳ ಕೆಲಸ. ಅದಕ್ಕೇ ಅವಳಿಗೆ ಅಂಗಡಿಯಲ್ಲಿ 'ಕಿವಿ' ಅಂತಲೇ ಹೆಸರು. "ಕಿವಿ ಏನಂತಾಳೆ?" ಅಂತ ಕೇಳಿಯೇ ಜನ ಜೇಬಿಗೆ ಕೈ ಹಾಕುತ್ತಿದ್ದರು.

"ಹೋದ ತಿಂಗಳು ನಮ್ಮಣ್ಣ ನಿಮ್ಮ ಮಾತು ನಂಬಿ ಇದನ್ನ ತಗೊಂಡ" ಅಂದ ಅವನು, ಮಿರಿಮಿರಿ ಡಬ್ಬಿ ತೋರಿಸಿ. "ನಾನು ಬಿಚ್ಚಿ ನೋಡಿದೆ. ಇದರೊಳಗೆ ಇರೋ ಅಂಥದೇ ಚಿಪ್ ಹಾಕಿ ನಾನೂ ಒಂದು ಕಟ್ಟಿದೀನಿ. ಎರಡೂ ಒಂದೇ ಥರ ಹಾಡ್ತವೆ. ವ್ಯತ್ಯಾಸ ಯಾರಿಗೂ ಕೇಳಿಸಲ್ಲ."

"ನನಗೆ ಕೇಳಿಸುತ್ತೆ."

"ಕಣ್ಣಿಗೆ ಕಾಣದ ಹಾಗೆ ಮುಚ್ಚಿಟ್ಟರೂ?"

"ಗೋಣಿಚೀಲದಲ್ಲಿ ಕಟ್ಟಿಡಿ, ಬೇಕಾದ್ರೆ."

ಒಳಗಿನಿಂದ ಚಿಕ್ಕಪ್ಪ ಬಂದರು. ಆ ಮನುಷ್ಯನಿಗೆ ಜಗಳ ಅಂದರೆ ಊಟಕ್ಕಿಂತ ರುಚಿ. "ನಮ್ಮ ಮಗಳು ಕೇಳಿಸುತ್ತೆ ಅಂದ್ರೆ ಕೇಳಿಸುತ್ತೆ ಕಣಪ್ಪ. ಬಾ ಭಾನುವಾರ, ಮಧ್ಯಾಹ್ನ. ಅಂಗಡಿ ರಜಾ. ನೋಡೇ ಬಿಡೋಣ."

ಅವನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಯಂತ್ರಗಳನ್ನು ಸರಿಪಡಿಸುವ ತಂತ್ರಜ್ಞ. ಭಾನುವಾರ ಬಂದವನೇ ಚೀಲದಿಂದ ಮೀಟರ್ ತೆಗೆದು, ಸ್ಪೀಕರಿನ ತಂತಿಗೆ ಚುಚ್ಚಿ, ಒಂದು ತಾಸು ತಿರುಪು ತಿರುಗಿಸಿದ.

"ಎರಡರ ದನಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಬಾರದು. ಒಂದು ಚೂರು ಜೋರಾಗಿದ್ರೆ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಅನ್ನುತ್ತೆ."

ಚಿಕ್ಕಪ್ಪ ನೋಡಿ ನೋಡಿ ಸಾಕಾಗಿ ಹೇಳಿದರು: "ಮೀಟರಪ್ಪಾ, ಟೀ ಕುಡಿ. ಅದಕ್ಕೂ ಮೀಟರ್ ಹಾಕಬೇಡ."

ಆ ಹೆಸರು ಅಲ್ಲಿಂದ ಅವನಿಗೆ ಅಂಟಿಕೊಂಡಿತು.

ಕೇಳುವ ಕೋಣೆ ಅಂಗಡಿಯ ಹಿಂದೆ. ದಪ್ಪ ಪರದೆ, ಕೆಳಗೆ ಕಾರ್ಪೆಟ್ಟು, ಬಾಗಿಲು ಮುಚ್ಚಿದರೆ ಬೀದಿ ಸತ್ತೇ ಹೋಗುತ್ತದೆ. ಅವಳು ಸ್ಪೀಕರಿಗೆ ಮುಖ ಮಾಡಿ ಕೂತಳು. ಅವನು ಅವಳ ಬೆನ್ನ ಹಿಂದೆ, ಎರಡು ಮಾರು ದೂರದಲ್ಲಿ, ಮಡಿಲಲ್ಲಿ ಸ್ವಿಚ್ಚು ನೋಟ್‌ಬುಕ್ಕು ಇಟ್ಟುಕೊಂಡು ಕೂತ. ಒಂಟಿ ಹೆಣ್ಣು ದನಿಯ ನಿಧಾನದ ಹಾಡು. ಸಾಲು ಸಾಲಿನ ನಡುವೆ ಮೌನ.

ಮೊದಲು ಹೇಳಿಯೇ ಕೇಳಿಸಿದ. "ಇದು ಅಂಗಡಿದು... ಇದು ನಂದು."

ಅವಳಿಗೆ ಆಶ್ಚರ್ಯವಾಯಿತು. ಇಷ್ಟು ಸುಲಭವಾ?

"ಅಂಗಡಿದರಲ್ಲಿ ಹಾಡು ಉಸಿರಾಡುತ್ತೆ" ಅಂದಳು. "ನಿಮ್ಮದರಲ್ಲಿ ಉಸಿರು ಬಿಗಿದಿದೆ. ಏನೋ ಕಟ್ಟಿಹಾಕಿದ ಹಾಗೆ."

ಆಮೇಲೆ ನಾಣ್ಯ ಚಿಮ್ಮಿ, ಬಿದ್ದ ಹಾಗೆ ಒಂದನ್ನು ಹಾಕುತ್ತ ಹೋದ. ಹದಿನಾರು ಸಲ. ಅವಳು ಕಣ್ಣು ಮುಚ್ಚಿ ಹೇಳುತ್ತ ಹೋದಳು. "ನಿಮ್ಮದು... ಅಂಗಡಿದು... ಅಂಗಡಿದು... ನಿಮ್ಮದು..."

ಹದಿನಾರಕ್ಕೆ ಹದಿನೈದು ಸರಿ.

ಚಿಕ್ಕಪ್ಪ ಕುಣಿಯುವುದೊಂದು ಬಾಕಿ. ಮೀಟರಪ್ಪ ನೋಟ್‌ಬುಕ್ಕನ್ನು ಎರಡು ಸಲ ತಿರುವಿ ನೋಡಿದ. ಎದ್ದು ಬಂದು ಅವಳ ಮುಂದೆ ನಿಂತ. ನೆಪ ಹೇಳುತ್ತಾನೆ ಅಂದುಕೊಂಡು ಅವಳು ನಾಲಗೆ ಮಸೆದುಕೊಂಡಿದ್ದಳು.

"ನಾನು ಸೋತೆ. ನಿಮ್ಮಂಥ ಕಿವಿ ನಾನು ಈ ಹನ್ನೆರಡು ವರ್ಷದಲ್ಲಿ ನೋಡಿಲ್ಲ. ಕ್ಷಮಿಸಿ."

ಮಸೆದ ನಾಲಗೆ ಹಾಗೇ ಉಳಿಯಿತು... ಸೋತು ಇಷ್ಟು ನೆಟ್ಟಗೆ ನಿಲ್ಲುವ ಗಂಡಸನ್ನು ಅವಳು ನೋಡಿರಲಿಲ್ಲ.

ಆಮೇಲೆ ಅವನು ಬರತೊಡಗಿದ. ಆಸ್ಪತ್ರೆ ಮುಗಿಸಿ ಸಂಜೆ ಹೊತ್ತು, ಏನಾದರೊಂದು ನೆಪ. ಒಂದು ದಿನ ತಂತಿ ಬೇಕು, ಇನ್ನೊಂದು ದಿನ ನಿನ್ನೆ ಒಯ್ದ ತಂತಿ ಉದ್ದವಾಯಿತು. ಹೂವು ತರುವ ಜಾತಿಯವನಲ್ಲ. ಫೋನಿನಲ್ಲಿ ಸದ್ದು ಹಿಡಿದು ತರುತ್ತಿದ್ದ.

"ಇದೇನು ಹೇಳಿ?"

"ಲಿಫ್ಟಿನ ಬಾಗಿಲು. ಎಣ್ಣೆ ಕಂಡು ವರ್ಷ ಆಗಿದೆ."

"ಇದು?"

"ಯಾರೋ ಚಪ್ಪಲಿ ಎಳ್ಕೊಂಡು ಹೋಗ್ತಿದಾರೆ. ಬಲಗಾಲು ನೋವು."

"ನಮ್ಮ ಹೆಡ್ ನರ್ಸು. ಅವರ ಕಾಲು ನೋವು ನನಗೇ ಗೊತ್ತಿರಲಿಲ್ಲ ಕಣ್ರೀ."

ಅವಳು ನಗುತ್ತಿದ್ದಳು. ನಕ್ಕು ಎಷ್ಟು ದಿನವಾಗಿತ್ತೋ.

ಅವಳಿಗೆ ವಯಸ್ಸು ಮೂವತ್ತೊಂದು. ಓದಿನಲ್ಲಿ ಎರಡು ಸಲ ಫೇಲು. ನಿಶ್ಚಯವಾಗಿದ್ದ ಮದುವೆ, "ಹುಡುಗಿ ಸ್ವಲ್ಪ ಮಂಕು" ಅನ್ನುವ ಮಾತಿಗೆ ಮುರಿದು ಬಿದ್ದಿತ್ತು. ಮಂಕು ಅಂದವರ ಬಾಯಿಗೆ ಬೆಂಕಿ ಬೀಳಲಿ, ಅದು ಬೇರೆ ಮಾತು. ಆದರೆ ಅವಳು ಮಾತ್ರ ಅದನ್ನು ನಂಬಿಬಿಟ್ಟಿದ್ದಳು. ಜಗತ್ತಿನಲ್ಲಿ ತನ್ನದು ಅಂತ ತಲೆಯೆತ್ತಿ ಹೇಳಿಕೊಳ್ಳಲು ಇದ್ದದ್ದು ಆ ಕಿವಿಯೊಂದೇ.

ಅದನ್ನೂ ಒಂದು ಸಂಜೆ ಅವನಿಗೆ ಹೇಳಿಬಿಟ್ಟಳು.

ಅವನು ಕೈಯಲ್ಲಿದ್ದ ತಂತಿಯನ್ನು ಸುರುಳಿ ಸುತ್ತಿ ಕೌಂಟರಿನ ಮೇಲಿಟ್ಟ. ಆಮೇಲೆ, "ಮಂಕು ಅಂದೋರನ್ನ ಒಂದ್ಸಲ ನಮ್ಮ ಆಸ್ಪತ್ರೆಗೆ ಕಳಿಸಿ. ತಲೆ ಒಳಗೆ ಏನಾದ್ರೂ ಇದೆಯಾ ನೋಡ್ತೀವಿ" ಅಂದ.

ಚಿಕ್ಕಪ್ಪ ಅಷ್ಟರಲ್ಲಿ ಅಂಗಡಿಯ ಮುಂದೆ ಬೋರ್ಡು ಬರೆಸಿ ಹಾಕಿದ್ದರು: 'ಹದಿನಾರಕ್ಕೆ ಹದಿನೈದು. ನಮ್ಮ ಕಿವಿಯನ್ನು ನಂಬಿ.' ವ್ಯಾಪಾರ ಚಿಗುರಿತ್ತು.

ಆರನೇ ವಾರ ಅವನು ಬಂದಾಗ ಮುಖ ಎಂದಿನಂತಿರಲಿಲ್ಲ. ಕೈಯಲ್ಲಿ ಅದೇ ನೋಟ್‌ಬುಕ್ಕು.

"ನನಗೊಂದು ಅನುಮಾನ ಬಂದಿದೆ" ಅಂದ. "ಇನ್ನೊಂದ್ಸಲ ಪರೀಕ್ಷೆ ಮಾಡೋಣ್ವಾ? ಈ ಸಲ ನಾನು ಕೋಣೆ ಒಳಗೆ ಇರಲ್ಲ. ಉದ್ದ ತಂತಿ ಎಳೆದು ಆಚೆಯಿಂದ ಸ್ವಿಚ್ ಹಾಕ್ತೀನಿ. ನಾವಿಬ್ಬರೇ... ಯಾರಿಗೂ ಹೇಳೋದು ಬೇಡ."

ಅನುಮಾನ.

ಆ ಮಾತು ಅವಳ ಎದೆಗೆ ಮುಳ್ಳಿನ ಹಾಗೆ ನಾಟಿತು. 'ನನ್ನ ಮೇಲೆ ಅನುಮಾನವಾ? ಓರೆಗಣ್ಣಲ್ಲಿ ನೋಡಿದೆ, ಚಿಕ್ಕಪ್ಪ ಸನ್ನೆ ಮಾಡಿದರು, ಹಾಗಂತಲಾ? ದಿನಾ ಬಂದು ನಗಿಸಿದ್ದು ಇದನ್ನು ಪತ್ತೆ ಹಚ್ಚೋದಕ್ಕಾ?'

"ನಾವಿಬ್ಬರೇ ಯಾಕೆ?" ಅಂದಳು. ದನಿ ಗಟ್ಟಿಯಾಯಿತು. "ಎಲ್ಲರ ಮುಂದೇನೇ ಆಗಲಿ. ಚಿಕ್ಕಪ್ಪಾ, ಎಲ್ಲರಿಗೂ ಹೇಳಿಕಳಿಸಿ."

"ಅಯ್ಯೋ, ಬೇಡ... ಒಂದು ನಿಮಿಷ ನನ್ನ ಮಾತು ಕೇಳಿ—"

"ಅನುಮಾನ ಬಂದಿದ್ದು ನಿಮಗೆ. ತೀರಿಸ್ಕೊಳ್ಳಿ."

ಆ ಭಾನುವಾರ ಅಂಗಡಿಯಲ್ಲಿ ಗಿರಾಕಿಗಳು ಹತ್ತು ಹನ್ನೆರಡು ಜನ ಸೇರಿದರು. ಅವನು ಗೋಡೆಯಾಚೆ ಗೋಡೌನಿನಲ್ಲಿ ಕೂತ. ಅವಳು ಅದೇ ಕುರ್ಚಿಯಲ್ಲಿ, ಕೋಣೆಯಲ್ಲಿ ಒಬ್ಬಳೇ. ಅದೇ ಹಾಡು.

ಮೊದಲ ಸಲವೇ ಅವಳು ಕುರ್ಚಿಯ ತುದಿಗೆ ಸರಿದಳು. ಎರಡೂ ಉಸಿರಾಡುತ್ತಿದ್ದವು. ಎರಡೂ ಒಂದೇ. ಎಷ್ಟು ಕಿವಿಗೊಟ್ಟರೂ ಒಂದೇ... ಕೈಗೆ ಬಂದದ್ದನ್ನು ಕಾಗದದ ಮೇಲೆ ಗೀಚಿದಳು.

ಹದಿನಾರಕ್ಕೆ ಎಂಟು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು.

"ಕಿವಿಗೆ ಜ್ವರ ಬಂದಿರಬೇಕು" ಅಂದ ಯಾರೋ. ಉಳಿದವರು ನಕ್ಕರು. ಹೊಟ್ಟೆಕಿಚ್ಚಿನ ನಗೆಯಲ್ಲ, ಸುಮ್ಮನೆ ನಕ್ಕರು. ಅದೇ ಹೆಚ್ಚು ಉರಿಯಿತು.

ಗೋಡೌನಿನಿಂದ ಅವನು ಓಡಿಬಂದ. "ತಪ್ಪು ನಿಮ್ಮದಲ್ಲ, ನಂದು. ಮೊದಲನೇ ಸಲಾನೇ ನಾನು—"

"ನಿಮ್ಮ ಅನುಮಾನ ತೀರಿತಲ್ಲ. ಇನ್ನು ಈ ಅಂಗಡಿ ಮೆಟ್ಟಿಲು ಹತ್ತಬೇಡಿ."

ಅವಳು ಅಳಲಿಲ್ಲ. ಮನೆಗೆ ಹೋಗಿ ಬಚ್ಚಲುಮನೆಯ ನಲ್ಲಿ ಜೋರಾಗಿ ಬಿಟ್ಟುಕೊಂಡು, ಆಮೇಲೆ ಅತ್ತಳು.

ಅವನು ಎರಡು ಸಲ ಬಂದ. ಎರಡು ಸಲವೂ ಅವಳು ಗೋಡೌನಿಗೆ ಹೋಗಿ ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತಳು. ಆಮೇಲೆ ಅವನು ಬರುವುದನ್ನು ನಿಲ್ಲಿಸಿದ. ನಿಲ್ಲಿಸಿದ ಮೇಲೆ ಸಂಜೆ ಆರು ಗಂಟೆ ಅನ್ನುವುದು ಇಷ್ಟು ಉದ್ದ ಇರುತ್ತದೆ ಅಂತ ಅವಳಿಗೆ ತಿಳಿಯಿತು.

ಚಿಕ್ಕಪ್ಪ ಮಾತ್ರ ಬೋರ್ಡು ತೆಗೆಯಲಿಲ್ಲ. "ಅವತ್ತು ನೆಗಡಿ ಆಗಿತ್ತು ಅಂತ ಹೇಳು, ಮುಗೀತು. ಹದಿನೈದು ಬಂದಿದ್ದು ಸುಳ್ಳಾ? ನಿಜ ತಾನೇ?"

ಅದೇ ಅವಳನ್ನು ಕೊರೆಯುತ್ತಿದ್ದದ್ದು. ಹದಿನೈದು ಸುಳ್ಳಲ್ಲ. ಊಹೆ ಹೊಡೆದಿರಲಿಲ್ಲ ಅವಳು. ಅವತ್ತು ಏನೋ ಕೇಳಿಸಿತ್ತು... ಖಂಡಿತ ಕೇಳಿಸಿತ್ತು. ಏನು?

ಒಂದು ಬೆಳಿಗ್ಗೆ ಮನೆಯಲ್ಲಿ ಅವಳು ಕಿಟಕಿಗೆ ಮುಖ ಮಾಡಿ ತಲೆ ಬಾಚಿಕೊಳ್ಳುತ್ತಿದ್ದಳು. ಹಿಂದೆ ಮಂಚದ ಮೇಲೆ ಚಿಕ್ಕಮ್ಮ ಅಂಗಿಗೆ ಗುಂಡಿ ಹೊಲಿಯಲು ಕೂತಿದ್ದರು. ಅವಳು ತಿರುಗದೆಯೇ ಹೇಳಿದಳು:

"ಚಿಕ್ಕಮ್ಮ, ಕೊಡಿ ಇಲ್ಲಿ. ದಾರ ನಾನು ಪೋಣಿಸ್ತೀನಿ."

"ನಿನಗೇನು ಬೆನ್ನಲ್ಲಿ ಕಣ್ಣಿದೆಯೇನೇ? ದಾರ ಪೋಣಿಸ್ತಿದೀನಿ ಅಂತ ಹೇಗೆ ಗೊತ್ತಾಯ್ತು?"

"ನೀವು ಉಸಿರು ಬಿಗಿ ಹಿಡಿದ್ರಲ್ಲ..."

ಬಾಚಣಿಗೆ ಕೂದಲಲ್ಲೇ ನಿಂತಿತು.

ಉಸಿರು ಬಿಗಿದಿದೆ. ಏನೋ ಕಟ್ಟಿಹಾಕಿದ ಹಾಗೆ.

ಬೆನ್ನ ಹಿಂದೆ ಎರಡು ಮಾರು ದೂರ. ಸಾಲು ಸಾಲಿನ ನಡುವೆ ಮೌನ. ಅಂಗಡಿಯ ಡಬ್ಬಿ ಹಾಡಿದಾಗ ಅವನು ಆರಾಮಾಗಿ ಉಸಿರಾಡುತ್ತಿದ್ದ. ತನ್ನ ಡಬ್ಬಿ ಹಾಡಿದಾಗ ಬಿಗಿ ಹಿಡಿಯುತ್ತಿದ್ದ. ಅವಳಿಗೆ ಹಾಡು ಬಿಗಿದಂತೆ ಕೇಳಿಸಿತ್ತು. ಬಿಗಿದದ್ದು ಅವನು!

'ಡಬ್ಬಿ ಅಲ್ಲ... ಹದಿನಾರು ಸಲವೂ ನಾನು ಕೇಳಿದ್ದು ಅವರನ್ನ.'

"ಏನೇ ಆಯ್ತು? ದೆವ್ವ ಹೊಕ್ಕ ಹಾಗೆ ನಿಂತುಬಿಟ್ಟೆ?"

"ಏನಿಲ್ಲ ಚಿಕ್ಕಮ್ಮ." ಸೂಜಿ ತೆಗೆದುಕೊಂಡಳು. ಮೂರು ಸಲ ತುರುಕಿದರೂ ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ.

ಅಂಗಡಿಗೆ ಹೋದರೆ ಅಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ತಾತ ಬಂದು ಕೂತಿದ್ದರು. ಜೀವಮಾನವಿಡೀ ಬೇರೆಯವರ ಮನೆ ಬಾಗಿಲಲ್ಲಿ ನಿಂತ ಮನುಷ್ಯ, ಈಗ ಮನೆಯಲ್ಲಿ ಕೂತು ಹಾಡು ಕೇಳುವ ಆಸೆ. ಮುಂದೆ ಆ ಮಿರಿಮಿರಿ ಡಬ್ಬಿ.

"ನಿನಗೋಸ್ಕರಾನೇ ಕಾಯ್ತಿದ್ದೆ ಮಗಳೇ. ನನ್ನ ಹತ್ತಿರ ಇರೋದು ಸಾಧಾರಣದ್ದು. ಇದು ಬೇರೆ ಥರ ಕೇಳಿಸುತ್ತೆ ಅಂತ ನಿಮ್ಮ ಚಿಕ್ಕಪ್ಪ ಅಂತಾರೆ. ನೀನು ಹೌದು ಅಂದ್ರೆ ತಗೋತೀನಿ."

ಚಿಕ್ಕಪ್ಪ ಅವಳ ಕಡೆ ನೋಡಿದರು. ಆ ನೋಟದಲ್ಲಿ ನೆಗಡಿ ಇತ್ತು, ಬೋರ್ಡಿತ್ತು, ಎಲ್ಲ ಇತ್ತು.

ಹೌದು ಅಂದರೆ ಅವಳು ಕಿವಿಯಾಗಿಯೇ ಉಳಿಯುತ್ತಾಳೆ. ಇಲ್ಲ ಅಂದರೆ ಏನಾಗಿ ಉಳಿಯುತ್ತಾಳೆ? ಎರಡು ಸಲ ಫೇಲಾದ ಮಂಕು ಹುಡುಗಿ.

"ಇಲ್ಲ ತಾತ" ಅಂದಳು. "ದನಿ ಸಮ ಮಾಡಿ, ಮುಚ್ಚಿಟ್ಟು ಕೇಳಿದ್ರೆ ನನಗೆ ವ್ಯತ್ಯಾಸ ಗೊತ್ತಾಗಲ್ಲ. ಅವತ್ತು ಹದಿನೈದು ಬಂದಿದ್ದು ಡಬ್ಬಿಯಿಂದ ಅಲ್ಲ. ನಿಮ್ಮ ಹತ್ತಿರ ಇರೋದೇ ಸಾಕು."

ತಾತ ಡಬ್ಬಿಯ ಮೇಲಿಟ್ಟಿದ್ದ ಕೈ ತೆಗೆದರು.

"ನಿನಗೇನು ತಲೆ ಕೆಟ್ಟಿದೆಯಾ?" ಚಿಕ್ಕಪ್ಪ ಗುಡುಗಿದರು. "ಉಂಡ ಮನೆ ಜಂತೆ ಎಣಿಸೋ ಕೆಲಸ ಇದು!"

"ಉಂಡ ಮನೆ ಅಂತಾನೇ ಹೇಳಿದ್ದು ಚಿಕ್ಕಪ್ಪ. ನಾಳೆ ಯಾರಾದ್ರೂ ಬಂದು ನಿಮ್ಮನ್ನ ಸುಳ್ಳ ಅಂದ್ರೆ ನನಗೆ ತಡ್ಕೊಳ್ಳೋಕಾಗಲ್ಲ."

ಚಿಕ್ಕಪ್ಪ ಮಿರಿಮಿರಿ ಡಬ್ಬಿ ಎತ್ತಿ ದಡಾರನೆ ಕಪಾಟಿಗೆ ತಳ್ಳಿದರು. ತಾತ ಮಧ್ಯೆ ಬಾಯಿ ಹಾಕಿದರು: "ಅಲ್ಲಮ್ಮಾ, ಹಾಗಾದ್ರೆ ನಮ್ಮನೇಲಿ ಹಾಡು ಗೊರಗೊರ ಅನ್ನೋದು ಯಾಕೆ?"

"ಸ್ಪೀಕರ್ ಎಲ್ಲಿಟ್ಟಿದೀರಿ?"

"ಮೂಲೇಲಿ. ಬೀರು ಪಕ್ಕ."

"ಮೂಲೆಯಿಂದ ಈಚೆಗೆ ತನ್ನಿ. ನಾಳೆ ನಾನೇ ಬಂದು ನೋಡ್ತೀನಿ."

"ಬಾ ತಾಯಿ. ನೀನು ಹೇಳಿದ್ರೆ ಬೀರೂನೇ ಬೇಕಾದ್ರೆ ಆಚೆ ಹಾಕ್ತೀನಿ" ಅಂದರು ತಾತ. ಅವರ ನಂಬಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಅವಳಿಗೆ ಅದು ಆ ಹೊತ್ತಿನಲ್ಲಿ ಅರ್ಥವಾಗಲೂ ಇಲ್ಲ. ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯಲ್ಲಿ ಕಿವಿ ಪರೀಕ್ಷೆಯ ಕೋಣೆ. ಗೋಡೆಗೆಲ್ಲ ಸ್ಪಂಜು, ಒಂದು ಗೇಣು ದಪ್ಪದ ಬಾಗಿಲು. ಅವನು ಒಳಗೆ ನೆಲದ ಮೇಲೆ ಕೂತು ಯಂತ್ರವೊಂದರ ಹೊಟ್ಟೆ ಬಗೆದಿದ್ದ. ಅವಳನ್ನು ಕಂಡು ಎದ್ದ ಭರಕ್ಕೆ ತಲೆ ಮೇಜಿಗೆ ಬಡಿಯಿತು.

ಅವಳಿಗೆ ನಗು ಬಂತು, ನುಂಗಿದಳು.

"ಯಾಕೆ ಉಸಿರು ಹಿಡಿದ್ರಿ?"

ಅವನ ಕಣ್ಣು ಅರಳಿತು. "ಗೊತ್ತಾಯ್ತಾ ನಿಮಗೆ?"

"ನಿಮಗೆ ಮೊದಲೇ ಗೊತ್ತಿತ್ತಾ?"

"ಉಸಿರು ಅಂತ ಗೊತ್ತಿರಲಿಲ್ಲ. ನಾನೇ ಏನೋ ಅಂತ ಅನುಮಾನ ಬಂತು." ಅವನು ತಲೆ ಉಜ್ಜಿಕೊಂಡ. "ಇಲ್ಲೇ, ಒಂದು ಮಗುಗೆ ಪರೀಕ್ಷೆ ಮಾಡ್ತಿದ್ವಿ. ಸದ್ದು ಬಂದಾಗೆಲ್ಲ ಎದುರಿಗೆ ಕೂತ ಅವರಮ್ಮ ಹುಬ್ಬು ಎತ್ತೋರು. ಮಗು ಅದನ್ನ ನೋಡಿ ಕೈ ಎತ್ತೋದು. ಡಾಕ್ಟ್ರು ಬೈದು ಆಚೆ ಕಳಿಸಿದ್ರು. ಆಗ ಹೊಳೀತು... ತಂತಿ ಅಳೆದೆ, ದನಿ ಅಳೆದೆ, ಎಲ್ಲ ಅಳೆದೆ. ಉತ್ತರ ಗೊತ್ತಿರೋ ನಾನು ನಿಮ್ಮ ಹಿಂದೇನೇ ಕೂತಿದ್ದೆ. ಈ ಕೆಲಸ ಮಾಡೋನು ಮಾಡಬಾರದ ತಪ್ಪು ಅದು."

"ಅಂದ್ರೆ ಅನುಮಾನ..."

"ನನ್ನ ಮೇಲೆ. ನಿಮ್ಮ ಮೇಲೆ ಯಾಕೆ ಬರುತ್ತೆ?"

ಅವಳಿಗೆ ತಲೆ ತಗ್ಗಿತು. ಒಂದು ಮಾತನ್ನು ಅರ್ಧಕ್ಕೇ ಕಡಿದು ಎಷ್ಟು ದಿನ ಉರಿದೆ ನಾನು... ಎಷ್ಟು ದಿನ ಉರಿಸಿದೆ ಇವರನ್ನ!

"ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ" ಅಂದಳು ಮೆಲ್ಲಗೆ. "ಉಸಿರು ಯಾಕೆ ಹಿಡಿದ್ರಿ?"

"ನಾನೇ ಕೂತು ಕಟ್ಟಿದ ಡಬ್ಬಿ ಅದು. ಮಗು ಸ್ಟೇಜ್ ಹತ್ತಿದಾಗ ಅಪ್ಪ ಕೂತಿರ್ತಾನಲ್ಲ, ಹಾಗೆ..." ಅವನು ನಿಲ್ಲಿಸಿದ. ಕಿವಿಯವರೆಗೆ ಕೆಂಪಾದ. "ಅದಷ್ಟೇ ಅಲ್ಲ ಬಿಡಿ. ಡಬ್ಬಿ ಜೊತೆಗೆ ಅದನ್ನ ಕಟ್ಟಿದೋನೂ ನಿಮಗೆ ಸ್ವಲ್ಪ ಹಿಡಿಸಲಿ ಅಂತ ಆಸೆ ಇತ್ತು. ಕತ್ತೆ ಅಂತ ಬೈಸ್ಕೊಂಡ ಮೇಲೂ."

ಆ ಕೋಣೆಯಲ್ಲಿ ಹೊರಗಿನ ಒಂದು ಸದ್ದೂ ಇರಲಿಲ್ಲ. ಅವಳು ಗೋಡೆಯ ಸ್ಪಂಜನ್ನು ಉಗುರಿನಿಂದ ಗೀರುತ್ತ ನಿಂತಳು.

"ಬೆಳಿಗ್ಗೆ ಅಂಗಡೀಲಿ ಹೇಳಿಬಿಟ್ಟೆ. ನನಗೆ ಡಬ್ಬಿಗಳ ವ್ಯತ್ಯಾಸ ಕೇಳಿಸಲ್ಲ ಅಂತ. ಚಿಕ್ಕಪ್ಪ ಕೆಂಡ ಆಗಿದಾರೆ." ದನಿ ಒಡೆಯಿತು. "ಇನ್ನು ನಾನು ಕಿವಿ ಅಲ್ಲ. ಏನೂ ಅಲ್ಲ."

"ಏನಂದ್ರಿ?" ಮೊದಲ ಸಲ ಅವನ ದನಿ ಏರಿತು. "ಹಾಡು ನಡೀತಿರುವಾಗ, ಎರಡು ಮಾರು ದೂರದಲ್ಲಿ ಒಬ್ಬ ಉಸಿರು ನಿಲ್ಲಿಸಿದ್ದು ನಿಮಗೆ ಕೇಳಿಸಿತು. ಹದಿನಾರರಲ್ಲಿ ಹದಿನೈದು ಸಲ! ನಮ್ಮಣ್ಣನ ಡಬ್ಬಿ, ನನ್ನ ಡಬ್ಬಿ ಇಟ್ಟು, ನಾನೇ ಹಿಂದೆ ಕೂತು, ಇಲ್ಲಿ ಕೆಲಸ ಮಾಡೋರನ್ನೆಲ್ಲ ಕೂರಿಸಿ ನೋಡಿದೀನಿ. ಒಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಡಬ್ಬಿಗಳು ಒಂದೇ. ನಿಮ್ಮ ಕಿವಿ ಬೇರೆ. ಏನೂ ಅಲ್ಲ ಅಂತ ಇನ್ನೊಂದ್ಸಲ ಅಂದ್ರೆ ನನಗೆ ಸಿಟ್ಟು ಬರುತ್ತೆ."

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಸಿಟ್ಟು ಬರುತ್ತದೆ ಅನ್ನುವವನ ಕೈಯಲ್ಲಿ ಸ್ಕ್ರೂಡ್ರೈವರು ತಲೆಕೆಳಗಾಗಿತ್ತು.

"ಸಿಟ್ಟು ಹೀಗಿರುತ್ತಾ ನಿಮಗೆ?"

"ಅಭ್ಯಾಸ ಇಲ್ಲ."

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಯಾರೂ ಕಣ್ಣು ತೆಗೆಯಲಿಲ್ಲ.

"ಸಂಜೆ ನಿಮ್ಮ ಮನೆಗೆ ಬರ್ತೀನಿ" ಅಂದ ಅವನು. "ಚಿಕ್ಕಪ್ಪನ್ನ ಕೇಳ್ತೀನಿ."

"ಏನಂತ ಕೇಳ್ತೀರಿ? ಇವತ್ತು ಅವರ ಮುಂದೆ ಹೋದ್ರೆ ಬೈಗುಳ ಬಿಟ್ಟು ಬೇರೇನೂ ಕೇಳಿಸಲ್ಲ ನಿಮಗೆ."

"ಬೈಲಿ. ಬೈದು ಮುಗಿಸಿದ ಮೇಲೆ ನಿಮ್ಮನ್ನ ನನಗೆ ಕೊಡಿ ಅಂತ ಕೇಳ್ತೀನಿ."

ಅವಳ ಬಾಯಿ ಸುಮ್ಮನಿರಲಿಲ್ಲ.

"ಚಿಕ್ಕಪ್ಪನ್ನ ಆಮೇಲೆ ಕೇಳಿ. ನನ್ನನ್ನ ಕೇಳಿದ್ರಾ?"

"ಎರಡು ತಿಂಗಳಿಂದ ಕೇಳ್ತಾನೇ ಇದೀನಲ್ಲ. ದಿನಾ ಸಂಜೆ ಬಂದು, ತಂತಿ ನೆಪ ಹೇಳಿ..."

"ಬಾಯಿಬಿಟ್ಟು ಕೇಳಿ."

ಅವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. ಹತ್ತಿರ ಬಂದು, ಅವಳೊಬ್ಬಳಿಗೇ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಕೇಳಿದ.

"ನನ್ನ ಜೊತೆ ಇರ್ತೀರಾ?"

"ಇರ್ತೀರಾ ಅಂದ್ರೆ ಇರಲ್ಲ" ಅಂದಳು ಅವಳು. "ಇರ್ತೀಯಾ ಅಂತ ಕೇಳು."